ಇಮ್ಯೂನಿಟಿ ಜಾಸ್ತಿ ಆದಷ್ಟೂ ಒಳ್ಳೇದು ಅಂತ ಯಾರು ಹೇಳಿದ್ದು?

ಕೋವಿಡ್ ಬಂದು ಹೋದ ಮೇಲೆ ಒಂದು ಮಾತು ನಮ್ಮಲ್ಲಿ ಖಾಯಂ ಆಗಿ ಉಳಿದುಬಿಟ್ಟಿದೆ. ಇಮ್ಯೂನಿಟಿ ಹೆಚ್ಚಿಸಿಕೊಳ್ಳಿ. ಕಷಾಯದ ಪುಡಿ, ಲೇಹ್ಯ, ಮಕ್ಕಳ ಹಾಲಿಗೆ ಹಾಕುವ ಪೌಡರ್, ಎಲ್ಲದರ ಡಬ್ಬದ ಮೇಲೂ ಅದೇ. ಎಷ್ಟು ಏರಿದರೂ ಒಳ್ಳೆಯದೇ ಎನ್ನುವ ಹಾಗೆ ಮಾರುತ್ತಾರೆ. ನನಗೆ ಈ ಮಾತಿನ ಮೇಲೆ ತಕರಾರಿದೆ. ನಮ್ಮ ಅಕ್ಕನ ಮಗನಿಗೆ ನೆಫ್ರೋಟಿಕ್ ಸಿಂಡ್ರೋಮ್ ಇದೆ, ಅಂದರೆ ಕಿಡ್ನಿಯಿಂದ ಪ್ರೋಟೀನ್ ಸೋರಿ ಮೈ ಊದುವ ಕಾಯಿಲೆ. ಅವನ ಕಿಡ್ನಿಗೆ ಏಟು ಕೊಟ್ಟಿದ್ದು ಕೀಟಾಣು ಅಲ್ಲ, ಸಕ್ಕರೆ ಕಾಯಿಲೆ ಅಲ್ಲ. ಅವನದೇ ರೋಗನಿರೋಧಕ ವ್ಯವಸ್ಥೆ.

ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿಕೊಂಡಿರುತ್ತಿತ್ತು. ನಿದ್ದೆ ಜಾಸ್ತಿ ಅಂದರು ಒಬ್ಬರು. ಹುಳ ಕಡಿದಿರಬೇಕು ಅಂದರು ಇನ್ನೊಬ್ಬರು. ಅಲರ್ಜಿ ಮಾತ್ರೆಯೂ ಆಯಿತು. ಆಮೇಲೆ ಹೊಟ್ಟೆ ಉಬ್ಬಿತು, ಸಾಕ್ಸ್ ತೆಗೆದರೆ ಕಾಲಲ್ಲಿ ಗುಳಿ ಹಾಗೇ ನಿಲ್ಲುತ್ತಿತ್ತು. ಕೊನೆಗೆ ಮೂತ್ರ ಪರೀಕ್ಷೆ ಮಾಡಿಸಿದಾಗ ಅಲ್ಬುಮಿನ್ ಮೂರು ಪ್ಲಸ್. ರಕ್ತದಲ್ಲಿ ಇರಬೇಕಾದ ಪ್ರೋಟೀನ್ ಮೂತ್ರದಲ್ಲಿ ಸುರಿದು ಹೋಗುತ್ತಿತ್ತು.

ಅದು ಹೇಗೆ ಸೋರುತ್ತದೆ ಅನ್ನೋದು ನನ್ನನ್ನು ಬಹಳ ಕಾಡಿತು. ಓದುತ್ತಾ ಹೋದೆ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಬಹುಪಾಲು ರಕ್ತಕ್ಕೇ ವಾಪಸ್ ಹೋಗುತ್ತದೆ, ಮೂತ್ರವಾಗಿ ಹೊರಬರುವುದು ಒಂದೂವರೆ ಲೀಟರ್ ಆಸುಪಾಸು. ಈ ಘಟಕಗಳ ಸಣ್ಣ ರಕ್ತನಾಳಗಳನ್ನು ಹೊರಗಿನಿಂದ ತಬ್ಬಿಕೊಂಡಿರುವ ಜೀವಕೋಶಗಳಿಗೆ ಪೋಡೋಸೈಟ್ ಅಂತ ಹೆಸರು. ಅವಕ್ಕೆ ಪುಟ್ಟ ಪುಟ್ಟ ಕಾಲುಗಳು. ಎರಡು ಕೈಯ ಬೆರಳುಗಳನ್ನು ಹೆಣೆದ ಹಾಗೆ ಪಕ್ಕಪಕ್ಕದ ಕೋಶಗಳ ಕಾಲುಗಳು ಸೇರಿಕೊಂಡಿರುತ್ತವೆ. ನಡುವಿನ ಸಂದಿಯನ್ನು ಕಾಯುವುದು ಮುಖ್ಯವಾಗಿ ನೆಫ್ರಿನ್ ಎಂಬ ಪ್ರೋಟೀನ್. ಹುಟ್ಟಿನಿಂದಲೇ ಈ ತೊಂದರೆ ಇರುವ ಫಿನ್ಲೆಂಡಿನ ಶಿಶುಗಳಲ್ಲಿ ಕೆಟ್ಟಿರುವ ಜೀನ್ ಯಾವುದು ಅಂತ ಹುಡುಕುತ್ತಾ ಕಾರ್ಲ್ ಟ್ರಿಗ್ವಾಸನ್ ಅವರ ತಂಡ 1998ರಲ್ಲಿ ಇದನ್ನು ಕಂಡುಕೊಂಡಿತು. ಇನ್ನೊಂದು ಸಂಗತಿ ಇದೆ, ಅದೇ ಹೆಚ್ಚು ಹೆದರಿಸುವುದು. ಚರ್ಮದ ಕೋಶ ಸತ್ತರೆ ಹೊಸದು ಬರುತ್ತದೆ. ಪೋಡೋಸೈಟ್ ಸತ್ತರೆ ಆ ಜಾಗ ತುಂಬುವವರು ಇಲ್ಲವೆನ್ನುವಷ್ಟು ಕಡಿಮೆ.

ಮಕ್ಕಳ ನೆಫ್ರೋಟಿಕ್‌ನಲ್ಲಿ ಸಾಮಾನ್ಯವಾಗಿ ಆಗುವುದೇನೆಂದರೆ, ಈ ಕೋಶಗಳು ಸಾಯುವುದಿಲ್ಲ, ಕಾಲುಗಳು ಚಪ್ಪಟೆಯಾಗಿಬಿಡುತ್ತವೆ. ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಏನೂ ಕಾಣುವುದಿಲ್ಲ, ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬೇಕು. ಹಾಗಾದರೆ ಚಪ್ಪಟೆ ಮಾಡಿದ್ದು ಯಾರು?

1974ರಲ್ಲಿ ರಾಬರ್ಟ್ ಶಾಲ್ಹೂಬ್ ಎಂಬ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಊಹೆ ಬರೆದರು. ರೋಗದ ಬೇರು ಕಿಡ್ನಿಯಲ್ಲಿ ಇಲ್ಲ, ರಕ್ತದ ಟಿ ಕೋಶಗಳಲ್ಲಿದೆ, ಅಂದರೆ ರೋಗನಿರೋಧಕ ವ್ಯವಸ್ಥೆಯ ಒಂದು ಬಗೆಯ ಬಿಳಿ ರಕ್ತಕಣಗಳಲ್ಲಿದೆ ಅಂತ. ಅವರು ಕೊಟ್ಟ ಕಾರಣಗಳಲ್ಲಿ ಒಂದು ಬಹಳ ಚೆನ್ನಾಗಿದೆ. ಈ ಕಾಯಿಲೆ ಇರುವ ಮಕ್ಕಳಿಗೆ ದಡಾರ ಬಂದಾಗ ಕೆಲವರಲ್ಲಿ ಪ್ರೋಟೀನ್ ಸೋರುವುದು ತಾನಾಗಿ ನಿಂತುಹೋಗುತ್ತಿತ್ತು. ದಡಾರ ಏನು ಮಾಡುತ್ತದೆ? ರೋಗನಿರೋಧಕ ಶಕ್ತಿಯನ್ನು ಕೆಲಕಾಲ ಕುಗ್ಗಿಸುತ್ತದೆ. ಇಮ್ಯೂನಿಟಿ ಇಳಿದಾಗ ಕಿಡ್ನಿ ಸುಧಾರಿಸಿತು! ಇದನ್ನು ಯಾವ ಪೌಡರ್ ಡಬ್ಬದ ಮೇಲೆ ಬರೆಯುತ್ತೀರಿ ಹೇಳಿ.

ಆಮೇಲೆ ಹತ್ತಾರು ವರ್ಷ ಆ ಅಪರಾಧಿ ಯಾರು ಅಂತ ಹುಡುಕಾಟ ನಡೆಯಿತು. 2022ರಲ್ಲಿ ಬಾಸ್ಟನ್ನಿನ ಸಂಶೋಧಕರು ಕೆಲವು ರೋಗಿಗಳ ರಕ್ತದಲ್ಲಿ ನೆಫ್ರಿನ್ ವಿರುದ್ಧದ ಪ್ರತಿಕಾಯಗಳನ್ನು, ಅಂದರೆ ಆಂಟಿಬಾಡಿಗಳನ್ನು, ತೋರಿಸಿದರು. 2024ರಲ್ಲಿ ಜರ್ಮನಿಯ ಹ್ಯಾಂಬರ್ಗ್ ತಂಡದ ಮುಂದಾಳತ್ವದ ದೊಡ್ಡ ಅಧ್ಯಯನ ಬಂತು. ಮಿನಿಮಲ್ ಚೇಂಜ್ ಕಾಯಿಲೆ (ಮೇಲೆ ಹೇಳಿದ, ಮಾಮೂಲಿ ಮೈಕ್ರೋಸ್ಕೋಪಿಗೆ ಕಾಣದ ಬಗೆ) ಇರುವ ದೊಡ್ಡವರಲ್ಲಿ ಶೇ. 44, ನೆಫ್ರೋಟಿಕ್ ಇರುವ ಮಕ್ಕಳಲ್ಲಿ ಶೇ. 52 ಮಂದಿಗೆ ಈ ಆಂಟಿಬಾಡಿ ಇತ್ತು. ರೋಗ ಜೋರಾಗಿದ್ದು ಇನ್ನೂ ಇಮ್ಯೂನಿಟಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳದ ಮಕ್ಕಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಶೇ. 90. ಈ ಆಂಟಿಬಾಡಿ ನೆಫ್ರಿನ್‌ಗೆ ಅಂಟಿಕೊಂಡರೆ ಕೋಶದ ಒಳಕ್ಕೆ ತಪ್ಪು ಸಂದೇಶ ಹೋಗುತ್ತದೆ. ಕಾಲುಗಳನ್ನು ನಿಲ್ಲಿಸಿರುವ ಒಳಗಿನ ಎಳೆಗಳ ಜೋಡಣೆ ಬದಲಾಗುತ್ತದೆ, ಕಾಲು ಕುಸಿಯುತ್ತದೆ, ಅಲ್ಬುಮಿನ್ ಹೊರಗೆ ಹರಿಯುತ್ತದೆ. ಇಲಿಗಳಿಗೆ ನೆಫ್ರಿನ್ ಚುಚ್ಚಿ ಅವುಗಳಲ್ಲೇ ಈ ಆಂಟಿಬಾಡಿ ಹುಟ್ಟುವ ಹಾಗೆ ಮಾಡಿದಾಗ ಅವಕ್ಕೂ ಅದೇ ಕಾಯಿಲೆ ಬಂತು.

ಸಾಮಾನ್ಯ ನೆಗಡಿ ಬಂದರೂ ಅಕ್ಕ ಯಾಕೆ ಅಷ್ಟು ಹೆದರುತ್ತಾಳೆ ಅಂತ ಈಗ ಅರ್ಥವಾಗುತ್ತದೆ. ಈ ಮಕ್ಕಳಲ್ಲಿ ರೋಗ ಮರುಕಳಿಸುವುದು ಹೆಚ್ಚಾಗಿ ನೆಗಡಿ ಜ್ವರದ ಬೆನ್ನಿಗೇ. ವೈರಸ್ ಬಂತು ಅಂತ ದೇಹ ಕೂಗು ಹಾಕುತ್ತದೆ, ಆ ಗದ್ದಲದಲ್ಲಿ ಪೋಡೋಸೈಟ್‌ಗೆ ಏಟು ಬೀಳುತ್ತದೆ. ಅದಕ್ಕೇ ಮನೆಯಲ್ಲೇ ಸ್ಟ್ರಿಪ್ ಅದ್ದಿ ಮೂತ್ರ ನೋಡಿ ಡೈರಿಯಲ್ಲಿ ಬರೆದಿಡುತ್ತಾರೆ. ಅದರ ಜೊತೆಗೆ ಇನ್ನೊಂದು ಕಾಟ: ಅಲ್ಬುಮಿನ್ ಜೊತೆ ಒಳ್ಳೆಯ ಆಂಟಿಬಾಡಿಗಳೂ ಮೂತ್ರದಲ್ಲಿ ಹೋಗುತ್ತವೆ. ಹಾಗಾಗಿ ಸೋಂಕು ಬೇಗ ತಗಲುತ್ತದೆ. ಒಂದೇ ಮಗುವಿನಲ್ಲಿ ಇಮ್ಯೂನಿಟಿ ಒಂದು ಕಡೆ ಹದ ತಪ್ಪಿದೆ, ಇನ್ನೊಂದು ಕಡೆ ಸೋರಿ ಹೋಗಿದೆ. ಇದಕ್ಕೆ ಯಾವ ಬೂಸ್ಟರ್ ಕೊಡುತ್ತೀರಿ? ಲಸಿಕೆ ಬೇರೆ ವಿಷಯ, ಅದನ್ನು ಇದಕ್ಕೆ ಗಂಟು ಹಾಕಬೇಡಿ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಲಸಿಕೆ ಈ ಮಕ್ಕಳಿಗೆ ಬೇಕೇ ಬೇಕು. ಅದು ಒಂದು ಶತ್ರುವನ್ನು ಗುರುತು ಹಿಡಿಸುತ್ತದೆ, ಎಲ್ಲರ ಮೇಲೂ ರೇಗಿಸುವುದಿಲ್ಲ.

ಈ ಕಾಯಿಲೆಗೆ ಕೊಡುವ, ಇಮ್ಯೂನಿಟಿ ಕುಗ್ಗಿಸುವ ಔಷಧಿಯಾದ ಸ್ಟೀರಾಯ್ಡ್ ಬಗ್ಗೆ ನಮ್ಮ ಜನರಿಗಿರುವ ಭಯದ ಬಗ್ಗೆಯೂ ಹೇಳಲೇಬೇಕು. ಭಯ ಸುಳ್ಳಲ್ಲ. ಮುಖ ದುಂಡಗಾಗುತ್ತದೆ, ಹಸಿವು ಜಾಸ್ತಿ, ಸಿಟ್ಟು ಜಾಸ್ತಿ, ತುಂಬ ದಿನ ಕೊಟ್ಟರೆ ಎತ್ತರಕ್ಕೂ ಪೆಟ್ಟು. ಆದರೆ ಈ ಕಾಯಿಲೆಯ ಹತ್ತರಲ್ಲಿ ಎಂಟು ಮಕ್ಕಳಿಗಿಂತ ಹೆಚ್ಚು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್‌ಗೆ ಬಗ್ಗುತ್ತಾರೆ. ಮೊದಲ ಸಲಕ್ಕೆ ನಮ್ಮ ದೇಶದ ಮಕ್ಕಳ ಕಿಡ್ನಿ ತಜ್ಞರು ಹೇಳುವುದು 6 ವಾರ ದಿನಾ, ಆಮೇಲೆ 6 ವಾರ ದಿನ ಬಿಟ್ಟು ದಿನ. ಊತ ಇಳಿಯಿತು ಅಂತ ನಡುವೆ ತಟ್ಟನೆ ನಿಲ್ಲಿಸಿ, ನೆಂಟರು ಹೇಳಿದ ಸೊಪ್ಪಿನ ರಸ ಶುರು ಮಾಡಿದವರನ್ನು ವಾರ್ಡಿನಲ್ಲಿ ನೋಡಿದ್ದೇನೆ. ಮಗು ಮತ್ತೆ ಊದಿಕೊಂಡು ಬಂದಿತ್ತು.

ರೋಗದ ಬೇರು ಕಿಡ್ನಿಯ ಹೊರಗೂ ಇರಬಹುದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಎಫ್‌ಎಸ್‌ಜಿಎಸ್ ಅನ್ನುವ ಇದರದೇ ಬಳಗದ ಕಾಯಿಲೆಯಿಂದ ಕಿಡ್ನಿ ಕಳೆದುಕೊಂಡ ಶಿಕಾಗೋದ ಯುವಕನಿಗೆ ಅವನ ತಂಗಿಯೋ ಅಕ್ಕನೋ ಕಿಡ್ನಿ ಕೊಟ್ಟರು. ಕೆಲವೇ ದಿನಗಳಲ್ಲಿ ಆ ಹೊಸ ಕಿಡ್ನಿಯೂ ಪ್ರೋಟೀನ್ ಸೋರಲು ಶುರುವಾಯಿತು. ವೈದ್ಯರು ಅದನ್ನು ತೆಗೆದು, ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋಗಿದ್ದ ಇನ್ನೊಬ್ಬರಿಗೆ ಕೂಡಿಸಿದರು. ಅಲ್ಲಿ ಅದು ಸರಿಹೋಯಿತು! 2012ರಲ್ಲಿ ಇದು ಪ್ರಕಟವಾಯಿತು. ಕಿಡ್ನಿ ಅದೇ. ಹರಿಯುವ ರಕ್ತ ಬೇರೆ.

ದೊಡ್ಡವರಲ್ಲಿ ನೆಫ್ರೋಟಿಕ್ ಸಿಂಡ್ರೋಮಿನ ಇನ್ನೊಂದು ರೂಪ ಮೆಂಬ್ರೇನಸ್ ನೆಫ್ರೋಪತಿ. ಪೋಡೋಸೈಟ್ ಮೇಲಿನ ಪಿಎಲ್‌ಎ2ಆರ್ ಎಂಬ ಪ್ರೋಟೀನಿನ ವಿರುದ್ಧ ಆಂಟಿಬಾಡಿ ಇರುವುದನ್ನು 2009ರಲ್ಲಿ ಬಾಸ್ಟನ್ನಿನ ಬೆಕ್ ಮತ್ತು ಸಲಾಂಟ್ ತಂಡ ತೋರಿಸಿತು. ಬೇರೆ ಕಾರಣ ಸಿಗದ ರೋಗಿಗಳಲ್ಲಿ ಸುಮಾರು ಶೇ. 70 ಮಂದಿಗೆ ಇದೇ. ಆದರೆ ನಮಗೆ ಹತ್ತಿರದ ಕಥೆ ಕೇರಳದ್ದು. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ನೋಡಿದ 22 ಮೆಂಬ್ರೇನಸ್ ರೋಗಿಗಳಲ್ಲಿ 15 ಮಂದಿಗೆ ನೆಲ್-1 ಎಂಬ, ಮಾಮೂಲಿಯಾಗಿ ಅಪರೂಪದ ಬಗೆ ಇತ್ತು. ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದರು. ಕ್ರೀಮಿನಲ್ಲಿ ಪಾದರಸ. ಹಚ್ಚುವುದು ಬಿಟ್ಟ ಮೇಲೆ ಹೆಚ್ಚಿನವರು ಸುಧಾರಿಸಿದರು. ಪಾದರಸ ಬಳಸುವ ಕೆಲವು ನಾಟಿ ಮದ್ದುಗಳಿಂದಲೂ ಇದೇ ನೆಲ್-1 ಕಾಯಿಲೆ ಬರುವುದನ್ನು ದಕ್ಷಿಣ ಭಾರತದ ವೈದ್ಯರು ಬರೆದಿದ್ದಾರೆ. ನೋಡಿ, ಕಿಡ್ನಿಗೆ ನೇರ ವಿಷ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಪಾದರಸ ನಮ್ಮ ಇಮ್ಯೂನಿಟಿಯನ್ನು ಕೆರಳಿಸಿ, ಅದರ ಕೈಯಿಂದಲೇ ಪೋಡೋಸೈಟ್‌ಗೆ ಹೊಡೆಸುತ್ತಿರುವಂತಿದೆ.

ಆಂಟಿಬಾಡಿಯೇ ಬೇಕಂತಿಲ್ಲ, ಬರೀ ಸಂದೇಶವೂ ಸಾಕು. ಆಫ್ರಿಕನ್ ಮೂಲದ ಕೆಲವರಲ್ಲಿ ಎಪಿಒಎಲ್1 ಜೀನಿನ ಎರಡು ಬದಲಾದ ಪ್ರತಿಗಳಿರುತ್ತವೆ. ಆ ಬದಲಾವಣೆ ನಿದ್ರಾ ರೋಗದ ಪರಾವಲಂಬಿಯಿಂದ ಅವರನ್ನು ಕಾಪಾಡಿತ್ತು. ಆದರೆ ವೈರಸ್ ಬಂದಾಗ ದೇಹ ಹೊರಡಿಸುವ ಎಚ್ಚರಿಕೆಯ ಸಂದೇಶವಾದ ಇಂಟರ್‌ಫೆರಾನ್ ಈ ಜೀನನ್ನು ಎಬ್ಬಿಸುತ್ತದೆ, ಪೋಡೋಸೈಟ್‌ಗಳು ಹಾಳಾಗುತ್ತವೆ. ಎಚ್‌ಐವಿಯಲ್ಲಿ ಆಯಿತು, ಕೋವಿಡ್‌ನಲ್ಲೂ ಆಯಿತು, ಇಂಟರ್‌ಫೆರಾನ್ ಅನ್ನೇ ಔಷಧಿಯಾಗಿ ಕೊಟ್ಟವರಲ್ಲೂ ಆಯಿತು.

ಈಗ ಕಾಮೆಂಟಿನಲ್ಲಿ ಜಗಳಕ್ಕೆ ಬರುವವರಿಗೆ ಮೊದಲೇ ಹೇಳುತ್ತೇನೆ. ಅಜ್ಜಿ ಮಾಡಿಕೊಡುವ ಮೆಣಸಿನ ಕಷಾಯದ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಕುಡಿಯುತ್ತೇನೆ. ಆದರೆ ಇಮ್ಯೂನಿಟಿ ಮಟ್ಟ ಹಾಕಲೆಂದೇ ವೈದ್ಯರು ಔಷಧಿ ಕೊಡುತ್ತಿರುವ ಮಗುವಿಗೆ ಅದನ್ನು ಏರಿಸುವ ಪುಡಿ ಕಳಿಸಬೇಡಿ. ಪ್ರೀತಿಯಿಂದ ಕಳಿಸಿದರೂ ಬೇಡ. ಮಗುವಿಗೆ ಕಣ್ಣು ಊದಿಕೊಳ್ಳುತ್ತಿದ್ದರೆ, ಮೂತ್ರದಲ್ಲಿ ನೊರೆ ನಿಲ್ಲುತ್ತಿದ್ದರೆ, ಅಲರ್ಜಿ ಮಾತ್ರೆಗೆ ಮುಂಚೆ ಒಂದು ಮೂತ್ರ ಪರೀಕ್ಷೆ ಮಾಡಿಸಿ, ಸಣ್ಣ ಊರಿನ ಲ್ಯಾಬಿನಲ್ಲೂ ಆಗುತ್ತದೆ. ಮನೆಯಲ್ಲಿ ಹೆಸರಿಲ್ಲದ ಬಿಳಿ ಕ್ರೀಮಿನ ಡಬ್ಬಿ ಇದ್ದರೆ ಅದನ್ನು ಡಾಕ್ಟರ ಹತ್ತಿರ ಹೋಗುವಾಗ ಜೊತೆಗೇ ತೆಗೆದುಕೊಂಡು ಹೋಗಿ. ಕೇಳದೆ ನಾವಾಗಿ ಹೇಳುವ ವಿಷಯ ಅದಲ್ಲ, ಅಲ್ವಾ?