ಗೋಲಿ ಗಾತ್ರದ ಮುದ್ದೆ

ನಿನ್ನೆ ಇಂದಿರಾನಗರದ ಒಂದು ಭಾರೀ ರೆಸ್ಟೋರೆಂಟಿನಲ್ಲಿ ನನ್ನ ಮುಂದೆ ಕಪ್ಪು ಕಲ್ಲಿನ ಹಲಗೆ ಬಂತು. ಅದರ ಮೇಲೆ ಗೋಲಿ ಗಾತ್ರದ ಮೂರು ರಾಗಿ ಮುದ್ದೆ, ಚಮಚದಲ್ಲಿ ಎಳೆದ ಗೆರೆಯಷ್ಟು ಬಸ್ಸಾರು, ಮೇಲೊಂದು ಹೂವು. 645 ರೂಪಾಯಿ! ಇದನ್ನು ನುಂಗಬೇಕಾ, ಪೂಜೆ ಮಾಡಬೇಕಾ?

ಇಂಥ ಜಾಗದಲ್ಲಿ ಯಾವಾಗಲೂ ಇದೇ ಗೋಳು. ಮಾಮೂಲಿ ನೀರು ಕೊಡಿ ಅಂದರೆ ಸಾಲ ಕೇಳಿದವರನ್ನು ನೋಡಿದ ಹಾಗೆ ನೋಡುತ್ತಾರೆ. ಮೆನುಗೆ ಕ್ಯೂಆರ್ ಕೋಡ್ ಅಂತೆ, ಆ ಮಬ್ಬು ಬೆಳಕಲ್ಲಿ ಕೋಡ್ ಹುಡುಕುವುದಕ್ಕೇ ಟಾರ್ಚ್ ಬೇಕು. ಇನ್ನೊಂಚೂರು ಸಾರು ಕೇಳಿದರೆ 'ಎಕ್ಸ್‌ಟ್ರಾ ಆಗುತ್ತೆ ಸರ್'. ಸಾರಿಗೂನಾ?

ಕೊನೆಗೆ ಬಿಲ್ಲಲ್ಲಿ ಶೇ. 10 ಸರ್ವಿಸ್ ಚಾರ್ಜ್. ತಾನಾಗಿ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆಯಲ್ಲಾ ಅಂದೆ. ಮ್ಯಾನೇಜರನ್ನು ಕರೀತೀನಿ ಅಂತ ಹೋದವನು ಹದಿನೈದು ನಿಮಿಷ ಪತ್ತೆಯಿಲ್ಲ.

ದಾರಿಯಲ್ಲಿ ತಳ್ಳುಗಾಡಿ ಮುಂದೆ ನಿಂತು ಎರಡು ಪ್ಲೇಟ್ ಇಡ್ಲಿ ತಿಂದೆ. ಕೇಳದೇನೇ ಚಟ್ನಿ ಸುರಿದ, ಪುಣ್ಯಾತ್ಮ.