ಬೆಳೆಯುವ ಹುಡುಗ, ದೊಡ್ಡದೇ ಇರಲಿ

ನಾನೀಗ ಇರುವ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಹಳೆಯ ರೇಸ್ ಸೈಕಲ್ಲಿನ ಫ್ರೇಮ್ ಒಂದನ್ನು ಕೊಳ್ಳಲು ಹೋದಾಗ, ಮಾರುವ ಹಿರಿಯರು ಬೆಲೆಯ ಮಾತನ್ನೇ ಎತ್ತಲಿಲ್ಲ. ಬೂಟು ಬಿಚ್ಚಿಸಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದರು. ರಟ್ಟಿನ ಹೊದಿಕೆಯ ಪುಸ್ತಕವೊಂದನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿಯಲು ಹೇಳಿ, ನೆಲದಿಂದ ಪುಸ್ತಕದ ಅಂಚಿನವರೆಗೆ ಟೇಪು ಹಿಡಿದರು. 82 ಸೆಂಟಿಮೀಟರ್. ಅದನ್ನು 0.67ರಿಂದ ಗುಣಿಸಿ, ನನಗೆ ಬೇಕಾದ ಫ್ರೇಮಿನ ಅಳತೆ ಸುಮಾರು 55 ಸೆಂಟಿಮೀಟರ್ ಎಂದು ನೋಡಿ, ಮಾರಾಟಕ್ಕೆಂದು ತೆಗೆದಿಟ್ಟಿದ್ದ 58ರ ಫ್ರೇಮನ್ನು ಪಕ್ಕಕ್ಕೆ ಸರಿಸಿದರು. "ಇದು ನಿಮಗೆ ಆಗುವುದಿಲ್ಲ" ಎಂದು ಗ್ಯಾರೇಜಿನ ಒಳಗಿನಿಂದ 55ರದೊಂದನ್ನು ತಂದರು. ಅದರ ಬೆಲೆ ಮೊದಲಿನದಕ್ಕಿಂತ ಕಡಿಮೆ!

ಅದೇ ವಾರ ವಿಜಯಪುರದಿಂದ ಅಕ್ಕನ ಫೋನು. ಅಳಿಯ ರೇಸಿಗೆ ಇಳಿಯುತ್ತೇನೆಂದು ಹಟ ಹಿಡಿದಿದ್ದ, ಭಾವ ಸಾಲ ಮಾಡಿ ಸೈಕಲ್ ಕೊಡಿಸಿದ್ದರು. ಅಂಗಡಿಯವರು ಹುಡುಗನ ಕಾಲಿನ ಕಡೆ ಕಣ್ಣೆತ್ತಿಯೂ ನೋಡದೆ, "ಬೆಳೆಯುವ ಹುಡುಗ, ದೊಡ್ಡದೇ ಇರಲಿ ಬಿಡಿ" ಎಂದು 56ರದನ್ನು ಕೈಗಿತ್ತಿದ್ದರು. "ಮಾಮಾ, ಕೈ ಜೋಮು ಹಿಡಿಯುತ್ತದೆ, ಕುತ್ತಿಗೆ ತಿರುಗಿಸಲು ಆಗುವುದಿಲ್ಲ" ಎಂದು ಅವನು ಹೇಳಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಇದು ಬೇರೆ ಯಾವುದೋ ಊರಾಗಿದ್ದರೆ ಸುಮ್ಮನಿರುತ್ತಿದ್ದೆ. ವಿಜಯಪುರ, ಬಾಗಲಕೋಟೆ ಎಂದರೆ ದೇಶಕ್ಕೆ ರಸ್ತೆ ಸೈಕ್ಲಿಸ್ಟರನ್ನು ಕೊಟ್ಟ ಸೀಮೆ. ಜಾತ್ರೆಗೆ ಕುಸ್ತಿಯಂತೆ ಸೈಕಲ್ ಶರ್ಯತ್ತೂ ಬೇಕು ಎನ್ನುವ ಊರುಗಳಿವೆ. ಕ್ರೀಡಾ ವಸತಿ ನಿಲಯದ ಹುಡುಗರು ಬೆಳಗಿನ ಜಾವ ಸೋಲಾಪುರ ರಸ್ತೆಯಲ್ಲಿ ಸಾಲುಗಟ್ಟಿ ಹೋಗುವುದನ್ನು ನೋಡಿಯೇ ನಾನು ದೊಡ್ಡವನಾದದ್ದು. ಆ ಊರಿನಲ್ಲಿ ಒಂದು ಅಂಗಿ ಹೊಲಿಯಲು ಹೆಗಲು, ತೋಳು, ಕೊರಳು ಎಂದು ಐದಾರು ಕಡೆ ಟೇಪು ಹಿಡಿಯುತ್ತಾರೆ. ನೂರು ಕಿಲೋಮೀಟರ್ ಮೈ ಬಗ್ಗಿಸಿ ಕೂರಬೇಕಾದ ಸೈಕಲ್ಲಿಗೆ ಒಂದು ಅಳತೆಯೂ ಬೇಡವೇ?

ಚಿಕ್ಕ ಫ್ರೇಮನ್ನು ಒಂದಿಷ್ಟು ಹೊಂದಿಸಿಕೊಳ್ಳಬಹುದು. ಸೀಟಿನ ಕಂಬವನ್ನು ಮೇಲೆತ್ತಿ, ಹ್ಯಾಂಡಲ್ ಹಿಡಿಯುವ ಸ್ಟೆಮ್ ಅನ್ನು 90 ಮಿಲಿಮೀಟರಿನ ಬದಲು 110ರದು ಹಾಕಿದರೆ ಕೆಲಸ ನಡೆಯುತ್ತದೆ. ದೊಡ್ಡ ಫ್ರೇಮಿಗೆ ಮದ್ದಿಲ್ಲ. ಸೀಟನ್ನು ಒಂದು ಮಿತಿಗಿಂತ ಕೆಳಗಿಳಿಸಲು ಆಗದು. ಸ್ಟೆಮ್ ತೀರ ಗಿಡ್ಡವಾದರೆ ತಿರುವಿನಲ್ಲಿ ಹ್ಯಾಂಡಲ್ ಚಡಪಡಿಸುತ್ತದೆ. ನಮ್ಮವರು ದುಡ್ಡು ಉಳಿಸಲೆಂದು ಕೊಡುವ ಸಲಹೆಯೇ ದುಡ್ಡನ್ನು ನೀರಿಗೆ ಹಾಕಿಸುತ್ತದೆ.

ಕಡಿಮೆ ಖರ್ಚಿನಲ್ಲಿ ರೇಸ್ ಸೈಕಲ್ ಕಟ್ಟಲು ಇಲ್ಲಿ ಸಾಧ್ಯವಾಗುವುದೂ ಈ ಅಳತೆಯ ಶಿಸ್ತಿನಿಂದಲೇ. ನಾನು ತಂದದ್ದು ಗೆಝೆಲ್ ಚಾಂಪಿಯನ್ ಮೊಂಡಿಯಲ್ ಎಂಬ ಡಚ್ ರೇಸ್ ಫ್ರೇಮ್, ರೆನಾಲ್ಡ್ಸ್ 531 ಉಕ್ಕಿನ ಕೊಳವೆಗಳದು. ಬರ್ಮಿಂಗ್‌ಹ್ಯಾಮಿನಲ್ಲಿ 1935ರಿಂದ ತಯಾರಾದ ಈ ಉಕ್ಕು ದಶಕಗಳ ಕಾಲ ರೇಸುಗಾರರ ಮೊದಲ ಆಯ್ಕೆಯಾಗಿತ್ತು. ಹಿಂದಿನ ಗಾಲಿ ಕೂರುವ ಜಾಗ 126 ಮಿಲಿಮೀಟರ್, ನಾನು ಹುಡುಕಿಕೊಂಡಿದ್ದ 9 ಗೇರಿನ ಗಾಲಿಯ ನಡುವಿನ ಹಬ್ 130. ಉಕ್ಕಾದ್ದರಿಂದ ಎರಡೂ ಬದಿ ಎರಡೆರಡು ಮಿಲಿಮೀಟರ್ ಅಗಲಿಸಿದರೆ ಕೂತುಬಿಡುತ್ತದೆ. ಕಾರ್ಬನ್ ಫ್ರೇಮಿನಲ್ಲಿ ಹಾಗೆ ಮಾಡಿದರೆ ಬಿರುಕೇ ಗತಿ. ಪೆಡಲಿನ ಅಚ್ಚು ಕೂರುವ ಜಾಗದ ತಿರುಪು ಬ್ರಿಟಿಷ್ ಮಾದರಿಯದು, ಬಲಗಡೆಯ ಬೇರಿಂಗ್ ಬಟ್ಟಲನ್ನು ಉಲ್ಟಾ ತಿರುಗಿಸಬೇಕು. ಇದೆಲ್ಲ ಮಾರಾಟದ ಜಾಹೀರಾತಿನಲ್ಲೇ ಬರೆದಿತ್ತು! ನಮ್ಮಲ್ಲಿ ಹಳೆಯ ಸೈಕಲ್ ಮಾರುವವರು "ಕಂಡೀಷನ್ ಚೆನ್ನಾಗಿದೆ" ಎಂದಷ್ಟೇ ಬರೆಯುತ್ತಾರೆ. ಫ್ರೇಮಿಗೆ 120 ಯೂರೋ. ಶಿಮಾನೊ ಕಂಪನಿಯ '105' ಮಾದರಿಯ ಹಳೆಯ ಗೇರು, ಗಾಲಿ, ಬ್ರೇಕು ಎಲ್ಲ ಸೇರಿ 500ರೊಳಗೆ ಮುಗಿಯಿತು. ಹೊಸದಾಗಿ ಕೊಂಡದ್ದು ಟೈರು, ಚೈನು, ಬ್ರೇಕ್ ಪ್ಯಾಡು, ಕೇಬಲ್ ಮಾತ್ರ. ನೆಲ ಮುಟ್ಟುವ ಟೈರಿನಲ್ಲಿ ಮಾತ್ರ ಯಾರೂ ಚೌಕಾಸಿ ಮಾಡಬಾರದು.

ಊರಿನ ಬಗ್ಗೆ ಇಷ್ಟು ಕಟುವಾಗಿ ಹೇಳಿದ ಮೇಲೆ ಇನ್ನೊಂದು ಮಾತನ್ನೂ ಒಪ್ಪಬೇಕು. ಇಲ್ಲಿ ಒಂದು ಗಾಲಿಯ ಔಟ್ ತೆಗೆಯಲು ಅಂಗಡಿಯವರು ಮುಂದಿನ ವಾರದ ದಿನ ಕೊಟ್ಟು 35 ಯೂರೋ ಕೇಳಿದರು. ನಮ್ಮೂರಿನ ಮಿಸ್ತ್ರಿ ಬೇವಿನ ಮರದ ಕೆಳಗೆ ಸೈಕಲ್ ತಲೆಕೆಳಗು ಮಾಡಿ, ಹೆಬ್ಬೆರಳಿನ ಉಗುರನ್ನು ರಿಮ್ಮಿಗೆ ತಾಗಿಸಿ, ಕಡ್ಡಿ ಕಡ್ಡಿ ಬಿಗಿದು, ಚಹಾ ಆರುವ ಮೊದಲೇ ಗಾಲಿಯನ್ನು ನೆಟ್ಟಗೆ ಮಾಡಿಕೊಡುತ್ತಾನೆ. ಆ ಕೈ ಇಲ್ಲಿ ಸಿಗುವುದಿಲ್ಲ. ಇನ್ನು, ದೊಡ್ಡ ಸೈಕಲ್ ಕೊಳ್ಳುವ ರೂಢಿಯೂ ಮೂರ್ಖತನದಿಂದ ಹುಟ್ಟಿದ್ದಲ್ಲ. ಮನೆಗೆ ಒಂದೇ ಸೈಕಲ್, ಅಣ್ಣನ ನಂತರ ತಮ್ಮ, ರಜೆಯಲ್ಲಿ ಚಿಕ್ಕಪ್ಪನ ಮಗ, ಸಂತೆಗೆ ಅಪ್ಪ. ಇಲ್ಲಿನವರ ಗ್ಯಾರೇಜಿನಲ್ಲಿ ಆಯ್ದುಕೊಳ್ಳುವಷ್ಟು ಫ್ರೇಮುಗಳಿರುವುದು ಅವರು ಹೊಸದನ್ನು ಕೊಂಡು ಹಳೆಯದನ್ನು ಬಿಡಬಲ್ಲವರಾದ್ದರಿಂದ. ಇಷ್ಟಾದರೂ ಅಳತೆ ತಪ್ಪಿದ ಸೈಕಲ್ ತುಳಿದೇ ನಮ್ಮ ಹುಡುಗರು ಪದಕ ತಂದಿದ್ದಾರೆ, ರೈಲ್ವೆ, ಸೇನೆಯ ಕೆಲಸ ಹಿಡಿದು ಮನೆ ನಡೆಸಿದ್ದಾರೆ.

ಆದರೆ ಅಳಿಯನ ಸೈಕಲ್ ಸಂತೆಗೆ ಹೋಗುವುದಿಲ್ಲ, ಅವನು ಒಬ್ಬನೇ ತುಳಿಯುವಂಥದ್ದು. ಅಕ್ಕನಿಗೆ ಪುಸ್ತಕ ಹಿಡಿಸಿ ಅಳೆಯಲು ಹೇಳಿದೆ: 76 ಸೆಂಟಿಮೀಟರ್. ಅವನಿಗೆ ಬೇಕಾದದ್ದು 51ರ ಫ್ರೇಮ್. ಅಂಗಡಿಯವರು ಬದಲಾಯಿಸಿ ಕೊಡಲು ಒಪ್ಪಿಲ್ಲ, ಭಾವ ಮತ್ತೆ ಹೋಗಿ ಕೇಳುತ್ತೇನೆ ಎಂದಿದ್ದಾರೆ. ಈ ಸಲ ಹುಡುಗನನ್ನೂ ಟೇಪನ್ನೂ ಜೊತೆಗೆ ಒಯ್ಯಲು ಹೇಳಿದ್ದೇನೆ.