ಮಷಿನ್ ಕರೆದ ಹೊತ್ತಿಗೆ ಲಾರಿ ಬರಬೇಕಾ?

ಕಾರ್ಖಾನೆಗಳ ಕಂಪ್ಯೂಟರುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಲೋಡಿನ ಹೊತ್ತು ಗೊತ್ತು ಮಾಡುತ್ತಿವೆ. ಹಾಸನದ ಲಾರಿಗಳು ಆ ಸ್ಲಾಟಿಗೆ ಒಗ್ಗಿಕೊಳ್ಳಬೇಕೇ? ರಟ್ಟಿನ ಬಾಕ್ಸ್ ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುವವರು ಹೌದು ಎನ್ನುತ್ತಾರೆ. ಎರಡು ಲಾರಿ ಇಟ್ಟುಕೊಂಡವರು ಬೇಡ ಎನ್ನುತ್ತಾರೆ.

ಪರ: ಫೋನಿನಲ್ಲಿ ಕಿರುಚಿದ್ದು ಸಾಕು

ರಟ್ಟಿನ ಬಾಕ್ಸ್ ಅಂದರೆ ಅರ್ಧ ಗಾಳಿ ಅಲ್ವಾ ಎಂದು ನಗುವವರಿದ್ದಾರೆ. ನಿಜವೇ. ತೂಕ ಕಮ್ಮಿ, ಜಾಗ ಜಾಸ್ತಿ. ಅದಕ್ಕೇ ಕೊಳ್ಳುವವರು ಯಾರೂ ನಮ್ಮ ಮಾಲನ್ನು ವಾರಗಟ್ಟಲೆ ಗೋಡೌನಿನಲ್ಲಿ ಇಟ್ಟುಕೊಳ್ಳುವುದಿಲ್ಲ. ನಾವೂ ಇಡುವಂತಿಲ್ಲ. ಜುಲೈ ಮಳೆಯಲ್ಲಿ ರಟ್ಟು ಗಾಳಿಯ ತೇವವನ್ನೇ ಹೀರಿ ಮೆತ್ತಗಾಗುತ್ತದೆ. ಪೇರಿಸಿಟ್ಟರೆ ಕೆಳಗಿನದು ಕುಸಿಯುತ್ತದೆ. ಮಾಡಿದ ದಿನವೇ ಲಾರಿ ಹತ್ತಿದರೆ ಒಳ್ಳೆಯದು.

ಮೊದಲು ನಮ್ಮ ಬಾಕ್ಸ್ ಕೊಳ್ಳುವ, ಮಂಗಳೂರಿನ ಬೈಕಂಪಾಡಿಯ ಕಾರ್ಖಾನೆಯಿಂದ ಫೋನ್ ಬರುತ್ತಿತ್ತು. ‘ಬಾಕ್ಸ್ ಖಾಲಿ ಸಾರ್, ಲೈನ್ ನಿಲ್ಲುತ್ತೆ, ಇವತ್ತೇ ಕಳಿಸಿ.’ ನಾನು ಬ್ರೋಕರಿಗೆ ಫೋನ್ ಮಾಡುತ್ತಿದ್ದೆ, ಅವರು ಲಾರಿಯವರಿಗೆ. ಲಾರಿ ಬೆಳಿಗ್ಗೆ ಎಂಟಕ್ಕೇ ಬಂದು ನಿಂತರೆ ಮಾಲು ರೆಡಿಯಾಗುವುದು ಸಂಜೆ ನಾಲ್ಕಕ್ಕೆ. ಇಲ್ಲವೇ ಮಾಲು ರೆಡಿ, ಲಾರಿ ಪತ್ತೆ ಇಲ್ಲ.

ಈಗ ಅವರ ಪ್ಯಾಕಿಂಗ್ ಲೈನ್ ಖರ್ಚಾದ ಬಾಕ್ಸನ್ನು ತಾನೇ ಎಣಿಸುತ್ತದೆ. ಇಷ್ಟಕ್ಕಿಂತ ಕೆಳಗಿಳಿದರೆ ಇಂಡೆಂಟ್, ಅಂದರೆ ಇಷ್ಟು ಬಾಕ್ಸ್ ಬೇಕೆಂಬ ಬೇಡಿಕೆ, ನೇರ ನಮ್ಮ ಕಂಪ್ಯೂಟರಿಗೆ ಬರುತ್ತದೆ. ಆ ಆರ್ಡರ್ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ನಮ್ಮ ಮಷಿನ್ ಲೆಕ್ಕ ಕೊಡುತ್ತದೆ. ಅದಕ್ಕೆ ಸರಿಯಾಗಿ ಲಾರಿಗೆ ಸ್ಲಾಟ್. ಮಧ್ಯಾಹ್ನ ಎರಡಕ್ಕೆ ಎಂದರೆ ಡ್ರೈವರ್ ಮನೆಯಲ್ಲಿ ಊಟ ಮಾಡಿಕೊಂಡೇ ಬರಬಹುದು.

ಇನ್ನು ಕಾಗದದ ಕೆಲಸ. 50,000 ರೂಪಾಯಿ ದಾಟಿದ ಮಾಲು ಸಾಗಿಸಲು 2018ರಿಂದ ಇ-ವೇ ಬಿಲ್ ಬೇಕು, ಅಂದರೆ ಜಿಎಸ್‌ಟಿಯ ಆನ್‌ಲೈನ್ ಸಾಗಣೆ ಪತ್ರ. ಅದರ ಎರಡನೇ ಭಾಗದಲ್ಲಿ ಲಾರಿ ನಂಬರ್ ತುಂಬಬೇಕು. ಒಂದು ಸಂಜೆ ಗಡಿಬಿಡಿಯಲ್ಲಿ ಕೆಎ 13ರ ಲಾರಿಯೊಂದರ ನಂಬರಿನಲ್ಲಿ 6 ಇರುವಲ್ಲಿ 9 ಒತ್ತಿಬಿಟ್ಟೆ. ದಾರಿಯಲ್ಲಿ ತಪಾಸಣೆಗೆ ಸಿಕ್ಕಿತು. ಒಂದೆರಡು ಅಂಕಿ ತಪ್ಪಿದ್ದಕ್ಕೆ ಭಾರಿ ದಂಡ ಬೇಡ, ಕೇಂದ್ರಕ್ಕೆ 500, ರಾಜ್ಯಕ್ಕೆ 500 ಸಾಕು ಎಂದು 2018ರ ಸೆಪ್ಟೆಂಬರಿನ ಸುತ್ತೋಲೆ ಇದೆ. ಹಾಗಾಗಿ ಸಾವಿರದಲ್ಲಿ ಮುಗಿಯಿತು. ಆದರೆ ಅರ್ಧ ದಿನ ಹೋಯಿತು, ಬೈಕಂಪಾಡಿಯಲ್ಲಿ ಲೈನೂ ನಿಂತಿತು. ಈಗ ಗೇಟಿನ ಕ್ಯಾಮರಾ ನಂಬರ್ ಪ್ಲೇಟ್ ಓದಿ ಬಿಲ್ಲಿಗೆ ಹಾಕುತ್ತದೆ. ಸಂಜೆ ಆರರ ಮೇಲೆ ನನ್ನ ಕಣ್ಣಿಗಿಂತ ಅದೇ ವಾಸಿ.

ದಾರಿಯಲ್ಲಿ ಶಿರಾಡಿ ಘಾಟಿ ಇರುವವರೆಗೂ ಇದೆಲ್ಲ ಸುಮ್ನೆ ಎನ್ನುತ್ತಾರೆ. ನನಗೆ ಉಲ್ಟಾ ಅನ್ನಿಸುತ್ತದೆ. 2024ರ ಜುಲೈ ಕೊನೆಯಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಬಳಿ ಹೆದ್ದಾರಿ ಮೇಲೆ ಗುಡ್ಡ ಜಾರಿತು. ಅದೇ ವಾರ ಎಡಕುಮರಿ ಕಡೆ ರೈಲು ಹಳಿಯ ಕೆಳಗೂ ಮಣ್ಣು ಕುಸಿದಿತ್ತು. ಅಂಥ ದಿನ ಯಾವ ಲಾರಿ ಸಿಕ್ಕಿಕೊಂಡಿದೆ, ಯಾವುದು ಇನ್ನೂ ಹಾಸನ ದಾಟಿಲ್ಲ ಎಂದು ಗೊತ್ತಾಗುವುದೇ ದೊಡ್ಡದು. ದಾಟದ ಲಾರಿಯನ್ನು ವಾಪಸ್ ಕರೆಯಬಹುದು. ಸಿಕ್ಕಿಕೊಂಡ ಲಾರಿಯ ಇ-ವೇ ಬಿಲ್ಲಿನ ಅವಧಿಯನ್ನು, ಮುಗಿಯುವ ಮುಂಚಿನ 8 ಗಂಟೆಯಲ್ಲಿ ಅಥವಾ ಮುಗಿದ 8 ಗಂಟೆಯೊಳಗೆ ವಿಸ್ತರಿಸಬೇಕು. ಅವಧಿ ಮುಗಿಯುವುದೋ ನಡುರಾತ್ರಿಗೆ. ಮೊದಲು ನಾನು ಅಲಾರಂ ಇಟ್ಟು ಮಲಗುತ್ತಿದ್ದೆ.

ಸ್ಲಾಟ್ ತಪ್ಪಿದರೆ ಬಾಡಿಗೆಯಲ್ಲಿ ಹಿಡಿಯುತ್ತಾರೆ ಎಂಬ ದೂರು ನನಗೂ ಗೊತ್ತು. ಅದು ಕರಾರಿನಲ್ಲಿ ಮಾತಾಡಿ ಸರಿ ಮಾಡಿಕೊಳ್ಳುವ ವಿಷಯ. ಗೇಟಿನ ಹೊರಗೆ ನಿಂತ ಲಾರಿಗೆ ಇಎಂಐ ಅಂತೂ ನಿಲ್ಲುವುದಿಲ್ಲ.

ವಿರೋಧ: ಗಡಿಯಾರ ಒಬ್ಬರ ಕೈಯಲ್ಲೇ ಇದೆ

ಮೇಲೆ ಬರೆದವರು ನನಗೆ ಗೊತ್ತಿರುವವರೇ. ಒಳ್ಳೆಯ ಮನುಷ್ಯ. ಅವರ ಗೇಟಿನಲ್ಲಿ ನಿಲ್ಲುವುದು ನನ್ನ ಲಾರಿಯೇ.

ಎರಡಕ್ಕೆ ಅಂದರೆ ಎರಡಕ್ಕೇ ಹೋಗುತ್ತೇನೆ. ಒಳಗೆ ಹಮಾಲಿಗಳು ಆಗಷ್ಟೇ ಊಟಕ್ಕೆ ಕೂತಿರುತ್ತಾರೆ. ಇಲ್ಲವೇ ಮಷಿನ್ನಿನಲ್ಲಿ ಪೇಪರ್ ರೀಲು ಹರಿದಿರುತ್ತದೆ. ಲೋಡಾಗಿ ಟಾರ್ಪಾಲು ಕಟ್ಟುವಾಗ ಐದೂವರೆ. ಆದರೆ ಬೈಕಂಪಾಡಿಯ ಸ್ಲಾಟ್ ರಾತ್ರಿ ಹತ್ತಕ್ಕೇ ಇರುತ್ತದೆ, ಅದು ಮುಂದಕ್ಕೆ ಹೋಗುವುದಿಲ್ಲ. ಒಳಗೆ ಕಳೆದ ಹೊತ್ತನ್ನು ಡ್ರೈವರ್ ಎಲ್ಲಿ ತುಂಬಿಕೊಡಬೇಕು? ಶಿರಾಡಿ ತಿರುವಿನಲ್ಲಿ.

ಡ್ರೈವರಿಗೆ ದಿನಕ್ಕೆ 8 ಗಂಟೆ ಕೆಲಸ ಎಂದು 1961ರಲ್ಲೇ ಕಾನೂನು ಬರೆದಿದ್ದಾರೆ. ನನ್ನ ಫೋನಿನಲ್ಲಿ ಮೂರು ಕಾರ್ಖಾನೆಗಳ ಮೂರು ಆಪ್ ಇವೆ. ಒಂದರಲ್ಲೂ ಡ್ರೈವರ್ ಎಷ್ಟು ಹೊತ್ತಿನಿಂದ ಎದ್ದಿದ್ದಾನೆ ಎಂದು ಕೇಳುವ ಜಾಗವಿಲ್ಲ.

ಜಿಪಿಎಸ್ ಕಥೆ ಇನ್ನೊಂದು. ಮಾರನಹಳ್ಳಿ ದಾಟಿ ಗುಂಡ್ಯದ ಕಡೆ ಇಳಿಯುವಾಗ ಸಿಗ್ನಲ್ ಬಿಟ್ಟುಬಿಟ್ಟು ಸಿಗುತ್ತದೆ. ಅವರ ನಕ್ಷೆಯಲ್ಲಿ ನಮ್ಮ ಚುಕ್ಕೆ ಕಾಡಿನ ಮಧ್ಯೆ ನಿಂತುಬಿಡುತ್ತದೆ. ಲಾರಿ ಇಳಿಯುತ್ತಲೇ ಇರುತ್ತದೆ. ಗುಂಡ್ಯದಲ್ಲಿ ಸಿಗ್ನಲ್ ಬಂದೊಡನೆ ಚುಕ್ಕೆ ಎಗರಿ ಮುಂದೆ ಬಂದು ಕೂರುತ್ತದೆ, ಜೊತೆಗೆ ಏಳು ಮಿಸ್ಡ್ ಕಾಲ್. ‘ಯಾಕೋ ನಿಲ್ಲಿಸಿದ್ದೆ?’ ನನ್ನ ಡ್ರೈವರಿಗೆ ಐವತ್ತೆರಡು ವರ್ಷ. ಕೇಳುವ ಹುಡುಗನಿಗೆ ಇಪ್ಪತ್ತೈದು ಇರಬಹುದು. ಆ ಚುಕ್ಕೆಯನ್ನು ನೋಡಿ ನೋಡಿ, ಒಳಗೆ ಕೂತಿರುವುದು ಒಬ್ಬ ಹಿರಿಯ ಎಂಬುದೇ ಮರೆತುಹೋಗುತ್ತದೆ.

ಗುಡ್ಡ ಕುಸಿದರೆ ವಾಪಸ್ ಕರೆಯುತ್ತಾರಂತೆ. ಕರೆಯಲಿ. ಆ ಟ್ರಿಪ್ಪಿನ ಬಾಡಿಗೆ? ಚಾರ್ಮಾಡಿಯಲ್ಲಿ ದೊಡ್ಡ ಲಾರಿ ಬಿಡುವುದಿಲ್ಲ. ಮಡಿಕೇರಿ, ಸಂಪಾಜೆ ಸುತ್ತಿ ಹೋಗೋಣವೆಂದರೆ ಮಳೆಗಾಲದಲ್ಲಿ ಅಲ್ಲೂ ಭಾರಿ ವಾಹನಕ್ಕೆ ಆಗಾಗ ತಡೆ. ಸುತ್ತಿದರೂ ಹೆಚ್ಚಿನ ಡೀಸೆಲ್ ನನ್ನದೇ.

ವಾಪಸ್ ಲೋಡಿನ ಪೆಟ್ಟು ಇನ್ನೂ ದೊಡ್ಡದು. ಮಂಗಳೂರಿನಲ್ಲಿ ಒಂದು ದಿನ ಕಾದರೆ ಗೊಬ್ಬರವೋ ಇನ್ನೊಂದೋ ಸಿಗುತ್ತಿತ್ತು. ಈಗ ಮರುದಿನವೇ ಹಾಸನದಲ್ಲಿ ಸ್ಲಾಟ್. ಖಾಲಿ ಬರುತ್ತೇವೆ. ಬ್ರೋಕರ್ ಕಮಿಷನ್ ತಿನ್ನುತ್ತಿದ್ದ, ಸರಿ. ಆದರೆ ಮಗಳ ಫೀಸಿಗೆ ಅಂದರೆ ಅಡ್ವಾನ್ಸ್ ಕೊಡುತ್ತಿದ್ದ. ಆಪ್‌ನಲ್ಲಿ ಕಷ್ಟ ಯಾರಿಗೆ ಹೇಳುವುದು?

ನಾನೇನು ಹಳೇ ಕಾಲದವನಲ್ಲ. 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯ ಮಾಡಿದಾಗ ಬೈದಿದ್ದೆ. ಈಗ ಟೋಲಿನಲ್ಲಿ ಚಿಲ್ಲರೆಗೆ ನಿಂತದ್ದು ನೆನೆಸಿಕೊಂಡರೆ ನಗು ಬರುತ್ತದೆ. ಗೇಟಿನ ಕ್ಯಾಮರಾ ಮೇಲೂ ನನಗೆ ಸಿಟ್ಟಿಲ್ಲ. ಅದು ಲಾರಿ ಒಳಗೆ ಹೋದ ಹೊತ್ತನ್ನು ಬರೆದುಕೊಳ್ಳುತ್ತದೆ, ಹೊರಗೆ ಬಂದ ಹೊತ್ತನ್ನೂ ಬರೆದುಕೊಳ್ಳುತ್ತದೆ. ಹೋದ ತಿಂಗಳು ಮೇಲೆ ಬರೆದವರನ್ನೇ ಕೇಳಿದೆ: ಆ ಎರಡು ಹೊತ್ತಿನ ಪ್ರಿಂಟ್ ಕೊಡಿ ಸಾರ್, ಕಾದದ್ದಕ್ಕೆ ಹಾಲ್ಟಿಂಗ್ ಬಿಲ್ ಹಾಕುತ್ತೇನೆ. ‘ಅದು ನನ್ನ ಸ್ಕ್ರೀನಿನಲ್ಲಿ ಬರಲ್ಲ ಅಣ್ಣ, ಮೇಲಿನವರನ್ನು ಕೇಳಿ ಹೇಳ್ತೀನಿ’ ಎಂದರು. ಇನ್ನೂ ಕೇಳುತ್ತಿದ್ದಾರೆ.